ಡ್ಯಾಮೇಜ್ ಡಬ್ಬದಲ್ಲಿ ಯಾವುದು ಬರೀ ಕಸ, ಯಾವುದು ಅಪಾಯದ ಕಸ?

ರಿಟರ್ನ್_ಕೌಂಟರ್:
ಎಲ್ಲರಿಗೂ ನಮಸ್ಕಾರ. ದೊಡ್ಡ ಮಳಿಗೆಯೊಂದರ ರಿಟರ್ನ್ ಕೌಂಟರ್‌ನಲ್ಲಿ ನನ್ನ ಕೆಲಸ. ಗ್ರಾಹಕರು ವಾಪಸ್ ತಂದದ್ದು, ಶೆಲ್ಫ್‌ನಲ್ಲೇ ಒಡೆದದ್ದು, ಎಕ್ಸ್‌ಪೈರಿ ಆದದ್ದು, ಎಲ್ಲವೂ ನನ್ನ ಬೆನ್ನ ಹಿಂದಿರುವ ಒಂದೇ ಪ್ಲಾಸ್ಟಿಕ್ ಡಬ್ಬಕ್ಕೆ ಬೀಳುತ್ತವೆ. ಈ ಹೊತ್ತಿಗೆ ಅದರಲ್ಲಿ ಮುಚ್ಚಳ ಸಡಿಲವಾದ ಡ್ರೈನ್ ಕ್ಲೀನರ್ ಇದೆ, ಅರ್ಧ ಖಾಲಿಯಾದ ಹೇರ್ ಸ್ಪ್ರೇಗಳಿವೆ, ನೆಗ್ಗಿದ ಪೇಂಟ್ ಡಬ್ಬಿ, ಹೊಟ್ಟೆ ಉಬ್ಬಿದ ಪವರ್ ಬ್ಯಾಂಕ್, ಪರ್ಫ್ಯೂಮ್ ಟೆಸ್ಟರ್‌ಗಳೂ ಇವೆ. ಸಂಜೆ ಹೌಸ್‌ಕೀಪಿಂಗ್‌ನವರು ಬಂದು ಚೀಲಕ್ಕೆ ಸುರಿದುಕೊಂಡು ಹೋಗುತ್ತಾರೆ. ನಿನ್ನೆ ಅವರಲ್ಲೊಬ್ಬರು "ಇದರಲ್ಲಿ ಕೈ ಹಾಕಬಾರದ್ದು ಯಾವುದು, ಸ್ವಲ್ಪ ನೋಡಿ ಹೇಳಿ" ಅಂದರು. ನನಗೆ ಹೇಳಲು ಆಗಲಿಲ್ಲ.

ಸೂಪರ್‌ವೈಸರ್‌ನ ಕೇಳಿದರೆ "ಚೀಲ ಎರಡು ಹಾಕಿ ಬಿಗಿಯಾಗಿ ಕಟ್ಟಿ" ಅನ್ನುತ್ತಾರೆ. ನಾನು ಓದಿದ್ದು ಕಾಮರ್ಸ್, ಕೆಮಿಸ್ಟ್ರಿ ಅಲ್ಲ. ಕೈಯಲ್ಲಿ ಸ್ಕ್ಯಾನರ್ ಹಿಡಿದು ನಿಂತಿರುವವನು, ಎದುರಿಗೆ ಸಾಲು ಕಾಯುತ್ತಿರುವಾಗ, ಒಂದು ಬಾಟಲಿ ನೋಡಿ "ಇದು ಬೇರೆ ಕಡೆ ಹೋಗಬೇಕು" ಅಂತ ಹೇಗೆ ಗುರುತಿಸಬೇಕು? ದಯವಿಟ್ಟು ನೂರು ಪುಟದ ಪಿಡಿಎಫ್ ಕಳಿಸಬೇಡಿ.

ಗೋಡೌನ್_ಗೂಬೆ:
ಒಳ್ಳೆ ಪ್ರಶ್ನೆ. ಮೊದಲು ಬಾಟಲಿಯ ಹಿಂಭಾಗ ತಿರುಗಿಸಿ. ಮುಂಭಾಗದಲ್ಲಿ ಹೂವು, ನಿಂಬೆಹಣ್ಣು, ನಗುವ ಮುಖ ಇರುತ್ತೆ, ನಿಜ ಇರುವುದು ಹಿಂದೆ. ಮೂಲೆಯ ಮೇಲೆ ನಿಂತ ಚೌಕ, ಕೆಂಪು ಅಂಚು, ಒಳಗೆ ಕಪ್ಪು ಚಿತ್ರ ಕಂಡರೆ ಅದು ಜಿಎಚ್‌ಎಸ್ ಗುರುತು, ಅಂದರೆ ರಾಸಾಯನಿಕದ ಅಪಾಯ ತಿಳಿಸುವ ಚಿತ್ರ. ವಿಶ್ವಸಂಸ್ಥೆ 2003ರಲ್ಲಿ ಮೊದಲು ಹೊರತಂದ ಪದ್ಧತಿ ಅದು, ಒಟ್ಟು 9 ಚಿತ್ರ. ಅಂಗಡಿಯವರಿಗೆ ದಿನಾ ಸಿಗುವುದು ನಾಲ್ಕೈದೇ. ಜ್ವಾಲೆ ಅಂದರೆ ಸುಲಭವಾಗಿ ಬೆಂಕಿ ಹಿಡಿಯುತ್ತೆ. ವೃತ್ತದ ಮೇಲೆ ಜ್ವಾಲೆ ಇದ್ದರೆ ಅದೇ ಉರಿಯುವುದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿರುವುದನ್ನು ಉರಿಸುತ್ತೆ. ಈ ಎರಡನ್ನು ಜನ ಒಂದೇ ಅಂದುಕೊಂಡು ಪಕ್ಕಪಕ್ಕ ಇಡುತ್ತಾರೆ, ಅಷ್ಟು ಕೆಟ್ಟ ಜೋಡಿ ಇನ್ನೊಂದಿಲ್ಲ. ಕೈ ಮೇಲೆ, ಲೋಹದ ಮೇಲೆ ಹನಿ ಬೀಳುವ ಚಿತ್ರ ಇದ್ದರೆ ಚರ್ಮ ಸುಡುತ್ತೆ. ತಲೆಬುರುಡೆಗೆ ವಿವರಣೆ ಬೇಡ. ಸತ್ತ ಮೀನು ಮತ್ತು ಒಣ ಮರ ಇದ್ದರೆ ಚರಂಡಿಗೆ ಬಿಡಬಾರದು.

ಕೆಲವು ಸಾಮಾನಿನ ಮೇಲೆ ಚಿತ್ರವೇ ಇರೋದಿಲ್ಲ. ಆಗ ವಾಕ್ಯ ಓದಿ. "ಬೆಂಕಿಯಿಂದ ದೂರವಿಡಿ", "ಡಬ್ಬಿಗೆ ತೂತು ಮಾಡಬೇಡಿ", "ಕೈಗವಸು ಧರಿಸಿ", "ಬೇರೆ ಕ್ಲೀನರ್ ಜೊತೆ ಬೆರೆಸಬೇಡಿ", "ನುಂಗಿದರೆ ತಕ್ಷಣ ವೈದ್ಯರನ್ನು ಕಾಣಿ". ಇಂಥ ಒಂದು ಸಾಲು ಇದ್ದರೂ ಅದು ಮಾಮೂಲಿ ಚೀಲಕ್ಕೆ ಹೋಗಬಾರದು ಅಂತ ಇಟ್ಟುಕೊಳ್ಳಿ. ನಾನು ಹೊಸ ಹುಡುಗರಿಗೆ ನಾಲ್ಕೇ ಪ್ರಶ್ನೆ ಕಲಿಸೋದು: ಉರಿಯುತ್ತಾ? ಸುಡುತ್ತಾ? ಸಿಡಿಯುತ್ತಾ? ವಿಷವಾ? ಒಂದಕ್ಕೆ "ಹೌದು" ಅಥವಾ "ಗೊತ್ತಿಲ್ಲ" ಬಂದರೆ ಪಕ್ಕಕ್ಕಿಡಿ. "ಗೊತ್ತಿಲ್ಲ" ಅನ್ನೋದನ್ನ "ಹೌದು" ಅಂತಲೇ ಎಣಿಸಬೇಕು.

ಫ್ಲೋರ್_ಮ್ಯಾನೇಜರ್:
ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದು ಸ್ವಲ್ಪ ಜಾಸ್ತಿಯಾಯಿತು. ಬೆಳಿಗ್ಗೆ ಇದೇ ಹೇರ್ ಸ್ಪ್ರೇಯನ್ನು ಗ್ರಾಹಕರಿಗೆ ಮಾರಿದ್ದೇವೆ. ಅವರು ಮನೆಗೆ ಒಯ್ದು, ಬಳಸಿ, ಮನೆಯ ಕಸಕ್ಕೆ ಹಾಕುತ್ತಾರೆ. ಅವರನ್ನು ಯಾರೂ ಕೇಳೋದಿಲ್ಲ. ನಮ್ಮ ಅಂಗಡಿಯಲ್ಲಿ ಅದೇ ಡಬ್ಬಿ ನೆಗ್ಗಿದ ತಕ್ಷಣ ಅದು ವಿಷವಾಗಿಬಿಡುತ್ತಾ? ಡಬ್ಬಿಯ ಒಳಗೆ ಇರುವುದು ಅದೇ ತಾನೆ?

ಪಾಠದ_ಮೇಡಂ:
ಮಳಿಗೆಗಳಿಗೆ ಸುರಕ್ಷತೆಯ ತರಬೇತಿ ಕೊಡುವ ಕೆಲಸ ನನ್ನದು, ಈ ಪ್ರಶ್ನೆ ಬರದ ತರಗತಿಯೇ ಇಲ್ಲ. ಸರ್, ಒಳಗೆ ಇರುವುದು ಅದೇ, ಒಪ್ಪಿದೆ. ಬದಲಾದದ್ದು ಎರಡು.

ಶೆಲ್ಫ್ ಮೇಲೆ ಇದ್ದಾಗ ಅದು ಮುಚ್ಚಳ ಭದ್ರವಾಗಿರುವ, ತನ್ನ ಸಾಲಿನಲ್ಲಿ, ತನ್ನಂಥವುಗಳ ಜೊತೆ ನಿಂತಿರುವ ಸಾಮಾನು. ಡ್ಯಾಮೇಜ್ ಡಬ್ಬಕ್ಕೆ ಬಿದ್ದಾಗ ಒಡೆದಿರುತ್ತೆ, ಸೋರುತ್ತಿರುತ್ತೆ, ಪಕ್ಕದಲ್ಲಿ ಯಾವತ್ತೂ ಇರಬಾರದಿದ್ದ ಇನ್ನೊಂದು ಸಾಮಾನು ಇರುತ್ತೆ. ಆಮೇಲೆ ಅದು ಕಂಪ್ಯಾಕ್ಟರ್‌ಗೆ ಹೋಗಿ ಟನ್‌ಗಟ್ಟಲೆ ಒತ್ತಡದಲ್ಲಿ ಹಿಸುಕಿಸಿಕೊಳ್ಳುತ್ತೆ. ಮನೆಯಲ್ಲಿ ತಿಂಗಳಿಗೆ ಒಂದು ಸ್ಪ್ರೇ ಡಬ್ಬಿ ಕಸಕ್ಕೆ ಹೋದರೆ ಹೆಚ್ಚು. ಮಳಿಗೆಯಲ್ಲಿ ಒಂದು ಪೆಟ್ಟಿಗೆ ಬಿದ್ದರೆ ಒಂದೇ ಏಟಿಗೆ ಡಜನ್.

ಎರಡನೆಯದು ಕಾನೂನು. ಮನೆಯ ಕಸಕ್ಕೆ ಇರುವ ವಿನಾಯಿತಿ ವ್ಯಾಪಾರಕ್ಕೆ ಸಿಗೋದಿಲ್ಲ. ಅಮೆರಿಕದ ನಿಯಮ ಹೀಗೇ ಇದೆ, ಬೇರೆ ಅನೇಕ ದೇಶಗಳಲ್ಲೂ ಮನೆಯ ಕಸ ಒಂದು ಲೆಕ್ಕ, ಅಂಗಡಿಯ ಕಸ ಇನ್ನೊಂದು ಲೆಕ್ಕ. "ಇದನ್ನು ಇನ್ನು ಮಾರೋದಿಲ್ಲ, ಬಿಸಾಡೋಣ" ಅಂತ ಅಂಗಡಿಯವರು ತೀರ್ಮಾನ ಮಾಡಿದ ಕ್ಷಣದಿಂದ ಅದು ತ್ಯಾಜ್ಯ, ಹೊಣೆ ಅಂಗಡಿಯದು. 2013ರಲ್ಲಿ ಅಮೆರಿಕದ ಒಂದು ಭಾರೀ ಚಿಲ್ಲರೆ ಮಾರಾಟ ಸರಪಳಿ ಈ ವಿಷಯಕ್ಕೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 8 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಬೇಕಾಯಿತು. ಅವರೇನೂ ಕಾರ್ಖಾನೆ ನಡೆಸುತ್ತಿರಲಿಲ್ಲ. ವಾಪಸ್ ಬಂದ ಮತ್ತು ಒಡೆದ ಸಾಮಾನನ್ನು ಊರ ಕಸಕ್ಕೆ ಹಾಕುತ್ತಿದ್ದರು, ದ್ರವ ಆದರೆ ಚರಂಡಿಗೆ ಸುರಿಯುತ್ತಿದ್ದರು, ಅಂಗಡಿ ಸಿಬ್ಬಂದಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಮೂಲ ಪೋಸ್ಟ್ ಹಾಕಿದವರ ಡಬ್ಬದ ವಿವರಣೆ ಓದಿದರೆ ಅದೇ ನೆನಪಾಗುತ್ತೆ ನನಗೆ.

ಫ್ಲೋರ್_ಮ್ಯಾನೇಜರ್:
ಸರಿ ಮೇಡಂ, ಕಂಪ್ಯಾಕ್ಟರ್ ಮಾತು ಒಪ್ಪಿದೆ. ಆದರೂ ಪ್ರತಿ ಬಾಟಲಿಗೂ ಹಿಂಭಾಗ ಓದುತ್ತಾ ಕೂತರೆ ಕೌಂಟರ್ ಸಾಲು ಬಾಗಿಲು ದಾಟುತ್ತೆ.

ಪಿಪೆಟ್:
ಓದೋದು ಪ್ರತಿ ಬಾಟಲಿಗಲ್ಲ, ಪ್ರತಿ ಬಗೆಯ ಸಾಮಾನಿಗೆ ಒಂದು ಸಲ. ಪ್ರತಿ ರಾಸಾಯನಿಕ ಉತ್ಪನ್ನಕ್ಕೂ ತಯಾರಕರು ಸುರಕ್ಷತಾ ಮಾಹಿತಿ ಪತ್ರ ಕೊಡುತ್ತಾರೆ, ಎಲ್ಲರೂ ಎಸ್‌ಡಿಎಸ್ ಅನ್ನೋದು ಅದನ್ನೇ. ಅದರಲ್ಲಿ 16 ಭಾಗ. ಪೂರ್ತಿ ಓದೋ ಅಗತ್ಯ ಇಲ್ಲ. 2ನೇ ಭಾಗದಲ್ಲಿ ಅಪಾಯ ಏನು ಅಂತ ಇರುತ್ತೆ, 9ರಲ್ಲಿ ಫ್ಲ್ಯಾಶ್ ಪಾಯಿಂಟ್ ಮತ್ತು ಪಿಎಚ್ (ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ), 10ರಲ್ಲಿ ಯಾವುದರ ಜೊತೆ ಸೇರಬಾರದು, 14ರಲ್ಲಿ ಸಾಗಾಣಿಕೆಯ ಯುಎನ್ ಸಂಖ್ಯೆ, ಅಂದರೆ ಅಪಾಯದ ಸರಕಿನ ಬಗೆಗೆ ಕೊಟ್ಟ ನಂಬರ್. ಆ ಸಂಖ್ಯೆ ಇದ್ದರೆ ಅರ್ಧ ಉತ್ತರ ಸಿಕ್ಕಂತೆ: ಸ್ಪ್ರೇ ಡಬ್ಬಿಗಳಿಗೆ 1950, ಪೇಂಟ್‌ಗೆ 1263, ಸುಗಂಧದ್ರವ್ಯಕ್ಕೆ 1266, ಲಿಥಿಯಂ ಅಯಾನ್ ಬ್ಯಾಟರಿಗೆ 3480. ಸಾಗಿಸುವವರಿಗೇ ಅಪಾಯ ಅನ್ನಿಸಿದ್ದು ಕಸದ ಡಬ್ಬದಲ್ಲಿ ಸಾಧುವಾಗೋದಿಲ್ಲ ಅಲ್ವಾ?

ಈಗ ಫ್ಲ್ಯಾಶ್ ಪಾಯಿಂಟ್. ದ್ರವದ ಮೇಲಿನ ಆವಿ ಒಂದು ಕಿಡಿಗೆ ಹತ್ತಿಕೊಳ್ಳಲು ಬೇಕಾದ ಕನಿಷ್ಠ ಉಷ್ಣತೆ. ಅಮೆರಿಕದ ನಿಯಮದಲ್ಲಿ ಇದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಉರಿಯುವ ಅಪಾಯಕಾರಿ ತ್ಯಾಜ್ಯ. ನೇಲ್ ಪಾಲಿಶ್ ರಿಮೂವರ್‌ನಲ್ಲಿರುವ ಅಸಿಟೋನ್‌ಗೆ ಅದು ಸುಮಾರು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಫ್ರೀಜರ್‌ನ ಚಳಿಯಲ್ಲೂ ಅದರ ಆವಿ ಕಿಡಿಗೆ ಹತ್ತಿಕೊಳ್ಳುತ್ತೆ ಅಂತ ಅರ್ಥ. ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ 12 ಡಿಗ್ರಿ ಆಸುಪಾಸು. 70% ಆಲ್ಕೋಹಾಲಿನ ಸ್ಯಾನಿಟೈಸರ್‌ಗೆ ಅದಕ್ಕಿಂತ ಸ್ವಲ್ಪ ಮೇಲೆ, ಹಾಗಾಗಿ ಎಕ್ಸ್‌ಪೈರಿ ಆದ ಸ್ಯಾನಿಟೈಸರ್ ಕಾರ್ಟನ್‌ಗಳು "ಕೈ ತೊಳೆಯುವ ಸಾಮಾನು" ಅಂತ ಮೂಲೆ ಸೇರಿದರೂ ಲೆಕ್ಕದಲ್ಲಿ ಅವು ಇಂಧನವೇ.

ಎಲ್ಲರೂ ಏಮಾರುವ ಜಾಗ ಅಂದರೆ "ನೈಸರ್ಗಿಕ" ಅಂತ ಬರೆದ ಕ್ಲೀನರ್‌ಗಳು. ಕಿತ್ತಳೆ ಸಿಪ್ಪೆಯಿಂದ ಬರುವ ಲಿಮೊನೀನ್‌ಗೆ ಫ್ಲ್ಯಾಶ್ ಪಾಯಿಂಟ್ ಸುಮಾರು 48 ಡಿಗ್ರಿ. ಹಸಿರು ಎಲೆ ಚಿತ್ರ ಇದೆ ಅಂತ ಬೆಂಕಿಗೆ ಗೊತ್ತಾಗೋದಿಲ್ಲ.

ಪಿಎಚ್ ಲೆಕ್ಕ ಇನ್ನೂ ಸುಲಭ. ಅದೇ ನಿಯಮದಲ್ಲಿ ನೀರಿನಂಥ ದ್ರವಕ್ಕೆ 2 ಅಥವಾ ಅದಕ್ಕಿಂತ ಕಡಿಮೆ, 12.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊರೆಯುವ ತ್ಯಾಜ್ಯ. ಹೈಡ್ರೋಕ್ಲೋರಿಕ್ ಆಮ್ಲದ ಟಾಯ್ಲೆಟ್ ಕ್ಲೀನರ್ ಕೆಳಗಿನ ತುದಿ, ಕಾಸ್ಟಿಕ್ ಸೋಡಾದ ಡ್ರೈನ್ ಕ್ಲೀನರ್ ಮೇಲಿನ ತುದಿ. ಅಡುಗೆಯ ವಿನೆಗರ್ ಎರಡೂವರೆ ಹತ್ತಿರ ಇರೋದರಿಂದ ಈ ಗೆರೆಯ ಒಳಗೆ ಬರೋದಿಲ್ಲ, ಅದಕ್ಕೆ ಹೆದರಬೇಡಿ. ನಿಮ್ಮ ದೇಶದ ಅಂಕಿ ಸ್ವಲ್ಪ ಆಚೀಚೆ ಇರಬಹುದು, ನೋಡಿಕೊಳ್ಳಿ.

ರಿಟರ್ನ್_ಕೌಂಟರ್:
ಅಬ್ಬಾ, ಇದು ಉಪಯೋಗಕ್ಕೆ ಬರುವ ಮಾತು. ಹಾಗಾದರೆ ನಾವು ಹೆಚ್ಚು ಮಾರುವ ಸಾಮಾನಿಗೆಲ್ಲ ಒಂದು ಸಲ ಈ ಪತ್ರ ನೋಡಿ, ಸ್ಕ್ಯಾನ್ ಮಾಡಿದಾಗ ಬರುವ ಪರದೆಯಲ್ಲಿ ಒಂದು ಬಣ್ಣ ಬರುವಂತೆ ಮಾಡಬಹುದಾ?

ಪಾಠದ_ಮೇಡಂ:
ಖಂಡಿತ. ಎಷ್ಟೋ ದೊಡ್ಡ ಮಳಿಗೆಗಳು ಮಾಡುವುದೇ ಅದನ್ನು. ಬಾರ್‌ಕೋಡ್ ಓದಿದ ಕೂಡಲೇ "ಕೆಂಪು ಟಬ್", "ನೀಲಿ ಟಬ್" ಅಂತ ಪರದೆ ಹೇಳುತ್ತೆ. ಬುದ್ಧಿವಂತಿಕೆಯ ಕೆಲಸ ಆಫೀಸಿನಲ್ಲಿ ಒಂದು ಸಲ ನಡೆಯಬೇಕು, ಸಾಲಿನ ಮುಂದೆ ನಿಂತಿರುವವರ ತಲೆ ಮೇಲೆ ದಿನಕ್ಕೆ ನೂರು ಸಲ ಹೊರಿಸಬಾರದು. ಆದರೆ ಬಾರ್‌ಕೋಡ್ ಹರಿದ, ಲೇಬಲ್ ಒದ್ದೆಯಾಗಿ ಬಿದ್ದುಹೋದ ಬಾಟಲಿ ಬಂದಾಗ ಪರದೆ ಸುಮ್ನೆ ಕೂರುತ್ತೆ. ಅಂಥದ್ದನ್ನು ಮೂಸಿ ನೋಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರ ಮೊದಲ ಕೆಲಸ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ಯೋದೇ.

ಮಾಪ್_ಬಕೆಟ್:
ಹೌಸ್‌ಕೀಪಿಂಗ್ ತಂಡ ನೋಡಿಕೊಳ್ಳುವವಳು ನಾನು. ಮೇಲೆ ಎಲ್ಲರೂ ಲೇಬಲ್ ಅಂದರು. ನಮ್ಮ ಕೈಗೆ ಬರುವಾಗ ಅರ್ಧಕ್ಕೆ ಲೇಬಲ್ಲೇ ಇರೋದಿಲ್ಲ, ಹಾಗಾಗಿ ನಾವು ಡಬ್ಬಿಯ ಮೈ ನೋಡುತ್ತೇವೆ.

ಬ್ಲೀಚ್ ಬಾಟಲಿ ಹಳೆಯದಾದರೆ ಮೈ ಉಬ್ಬುತ್ತೆ. ಕೂದಲಿಗೆ ಬಣ್ಣ ಹಚ್ಚುವ ಕಿಟ್‌ನ ಡೆವಲಪರ್ ಬಾಟಲಿಯೂ ಅಷ್ಟೇ, ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತೆ, ನಿಧಾನಕ್ಕೆ ಆಮ್ಲಜನಕ ಬಿಡುತ್ತಾ ಇರುತ್ತೆ. ತಳ ದುಂಡಾಗಿ ಮೇಜಿನ ಮೇಲೆ ನೆಟ್ಟಗೆ ನಿಲ್ಲದೆ ಅಲ್ಲಾಡಿದರೆ ಅದನ್ನು ಬಿಗಿ ಚೀಲದಲ್ಲಿ ಕಟ್ಟಬಾರದು. ಆಮ್ಲದ ಕ್ಲೀನರ್ ಸೋರಿದ ರಟ್ಟಿನ ಪೆಟ್ಟಿಗೆ ಹೊರಗಿಂದ ಬರೀ ಒದ್ದೆಯಾದಂತೆ ಕಾಣುತ್ತೆ, ಎತ್ತಲು ಹೋದರೆ ತಳ ಮೆತ್ತಗಾಗಿ ಕೈಗೇ ಬರುತ್ತೆ, ಬಾಟಲಿ ಕಾಲ ಮೇಲೆ. ಅದಕ್ಕೆ ಒದ್ದೆ ಪೆಟ್ಟಿಗೆಯನ್ನು ಯಾವತ್ತೂ ಮೇಲಿಂದ ಹಿಡಿದು ಎತ್ತಬೇಡಿ, ಟಬ್ ಪಕ್ಕಕ್ಕೆ ತಂದು ಜಾರಿಸಿ. ಡ್ರೈನ್ ಕ್ಲೀನರ್‌ನ ಮುಚ್ಚಳದ ಸುತ್ತ ಬಿಳಿ ಹುಡಿ ಕಟ್ಟಿರುತ್ತಲ್ಲ, ಅದನ್ನು ಉಜ್ಜಿ ತೆಗೆಯೋಣ ಅನ್ನಿಸುತ್ತೆ. ಬೆವರಿದ ಬೆರಳಿಗೆ ತಾಗಿದರೆ ಮೊದಲು ಸೋಪಿನ ಹಾಗೆ ಜಾರುತ್ತೆ, ಉರಿ ಆಮೇಲೆ. ಆ ಜಾರುವಿಕೆಯೇ ಚರ್ಮ ಕರಗುತ್ತಿರುವ ಲಕ್ಷಣ. ನೀರಿನ ಕೆಳಗೆ ಕೈ ಹಿಡಿಯಿರಿ, ಬೇಗ ತೆಗೆಯಬೇಡಿ.

ಇನ್ನು ನನ್ನ ದೊಡ್ಡ ತಲೆನೋವು, ಮಾಪ್ ತೊಳೆಯುವ ಸಿಂಕ್. ಎಲ್ಲರಿಗೂ ಉಳಿದದ್ದನ್ನು ಅಲ್ಲಿಗೆ ಸುರಿಯುವ ಚಾಳಿ. ಬೆಳಿಗ್ಗೆ ಒಬ್ಬರು ಸೋರುವ ಬ್ಲೀಚ್ ಸುರಿಯುತ್ತಾರೆ, ಹಿಂದೆಯೇ ಇನ್ನೊಬ್ಬರು ಟಾಯ್ಲೆಟ್ ಕ್ಲೀನರ್. ಬ್ಲೀಚ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಇರುವ ಗಾಜು ಕ್ಲೀನರ್ ಸೇರಿದರೆ ಕ್ಲೋರಮಿನ್. ಕಿಟಕಿ ಇಲ್ಲದ ಸಣ್ಣ ಕೋಣೆ ಅದು, ಬಾಗಿ ನಿಂತವರ ಮುಖಕ್ಕೇ ನೇರವಾಗಿ ಬರುತ್ತೆ. ಕಣ್ಣು ಉರಿದು ಕೆಮ್ಮು ಬಂದರೆ ಏನು ಅಂತ ಹುಡುಕುತ್ತಾ ನಿಲ್ಲಬೇಡಿ, ಹೊರಗೆ ಬನ್ನಿ, ಬೇರೆಯವರನ್ನೂ ಕರೆದುಕೊಳ್ಳಿ.

ಮತ್ತೆ ಫ್ಲೋರ್_ಮ್ಯಾನೇಜರ್ ಸರ್, ಸಾಲು ಬಾಗಿಲು ದಾಟುವ ಚಿಂತೆ ನಿಮ್ಮದು. ಚೀಲ ಎತ್ತುವವರ ಚಿಂತೆ ಬೇರೆ ಇದೆ.

ಫ್ಲೋರ್_ಮ್ಯಾನೇಜರ್:
ಮೇಡಂ, ಕೊನೇ ಸಾಲು ಚುರುಕಾಗೇ ಮುಟ್ಟಿತು. ಸಿಂಕ್ ವಿಷಯ ನಾಳೆಯೇ ನೋಡುತ್ತೇನೆ.

ರಿಪೇರಿ_ಟೇಬಲ್:
ಪವರ್ ಬ್ಯಾಂಕ್ ಅಂದಿರಿ, ಅದನ್ನು ಯಾರೂ ಗಮನಿಸಲಿಲ್ಲವಲ್ಲ. ನಿಮ್ಮ ಡಬ್ಬದಲ್ಲಿ ಮೊದಲು ಹೊರಗೆ ಬರಬೇಕಾದದ್ದು ಅದು. ಈ ಪೋಸ್ಟ್ ಓದುವುದನ್ನು ನಿಲ್ಲಿಸಿ ಹೋಗಿ ತೆಗೆಯಿರಿ, ಆಮೇಲೆ ಮುಂದೆ ಓದಿ.

ಹೊಟ್ಟೆ ಉಬ್ಬುವುದು ಒಳಗಿನ ಎಲೆಕ್ಟ್ರೋಲೈಟ್ ಒಡೆದು ಅನಿಲವಾಗುತ್ತಿರುವುದರಿಂದ. ಚುಚ್ಚಬೇಡಿ, ಒತ್ತಿ ಚಪ್ಪಟೆ ಮಾಡಬೇಡಿ, ಚಾರ್ಜ್ ಹಾಕಿ "ಕೆಲಸ ಮಾಡುತ್ತಾ" ಅಂತ ನೋಡಲೇಬೇಡಿ. ಗ್ರಾಹಕರ ಎದುರು ಪರೀಕ್ಷೆ ಮಾಡುವ ಅಭ್ಯಾಸ ಕೌಂಟರ್‌ಗಳಲ್ಲಿ ಇದೆ, ಉಬ್ಬಿದ್ದಕ್ಕೆ ಅದು ಬೇಡ. ಪೇಂಟ್ ಥಿನ್ನರ್‌ನಂಥ ಸಿಹಿ ವಾಸನೆ ತಾನಾಗಿಯೇ ಬರುತ್ತಿದ್ದರೆ ಒಳಗಿನ ಸೆಲ್ ಸೋರುತ್ತಿದೆ. ಮೈ ಬಿಸಿಯಾಗಿದ್ದರೆ, ಹಿಸ್ ಅನ್ನುತ್ತಿದ್ದರೆ ಮುಟ್ಟದೆ ಜನರನ್ನು ದೂರ ಸರಿಸಿ ಅಗ್ನಿಶಾಮಕದವರನ್ನು ಕರೆಯಿರಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತೆ, ಅದರ ಮುಂದೆ ಬಾಯಿಗೆ ಕಟ್ಟಿದ ಕರ್ಚೀಫು ಏನೂ ಅಲ್ಲ. ತಣ್ಣಗಿದ್ದರೆ ಲೋಹದ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರೊಳಗಿಟ್ಟು, ರಟ್ಟು ಬಟ್ಟೆಗಳಿಂದ ದೂರ, ಆದಷ್ಟು ಕಟ್ಟಡದ ಹೊರಗೆ. ಮುಚ್ಚಳ ಬಿಗಿಯಬೇಡಿ.

ಚೆನ್ನಾಗಿರುವ ಹಳೇ ಬ್ಯಾಟರಿಗಳೂ ರಾಶಿಯಲ್ಲಿ ಒಂದನ್ನೊಂದು ಮುಟ್ಟಿದರೆ ಶಾರ್ಟ್ ಆಗುತ್ತವೆ. 9 ವೋಲ್ಟ್ ಬ್ಯಾಟರಿ ಇದರಲ್ಲಿ ಎಲ್ಲರಿಗಿಂತ ಕಿಲಾಡಿ, ಎರಡೂ ತುದಿ ತಲೆಯ ಮೇಲೇ ಇವೆ, ಒಂದು ಕೀಲಿಕೈ ಅಡ್ಡ ಬಿದ್ದರೂ ಸಾಕು. ತುದಿಗಳಿಗೆ ಪಾರದರ್ಶಕ ಟೇಪ್ ಅಂಟಿಸಿ, ಪಾರದರ್ಶಕ ಯಾಕೆಂದರೆ ಮೇಲಿನ ಬರಹ ಓದಲು ಆಗಬೇಕು. ಗುಂಡಿ ಬ್ಯಾಟರಿಗಳಿಗೂ ಹಾಗೆಯೇ.

ಬ್ಯಾಟರಿ ಇದೆ ಅಂತ ಅನ್ನಿಸದ ಸಾಮಾನು ನೆನಪಿರಲಿ. ಹಾಡುವ ಶುಭಾಶಯ ಪತ್ರ, ಬೆಳಕು ಬೀರುವ ಮಕ್ಕಳ ಶೂ, ಎಲೆಕ್ಟ್ರಿಕ್ ಟೂತ್‌ಬ್ರಶ್, ತಂತಿಯಿಲ್ಲದ ಇಯರ್‌ಫೋನ್. ಕಂಪ್ಯಾಕ್ಟರ್ ಬೆಂಕಿಗೆ ಕಾರಣ ಹುಡುಕಿದರೆ ಇಂಥ ಯಾವುದೋ ಪುಟ್ಟದ್ದೇ ಸಿಗುತ್ತೆ.

ರಿಟರ್ನ್_ಕೌಂಟರ್:
ತೆಗೆದೆ ಸರ್. ತಣ್ಣಗಿತ್ತು, ವಾಸನೆ ಇರಲಿಲ್ಲ. ಮರಳು ಬೆಂಕಿ ಬಕೆಟ್‌ನಲ್ಲಿ ಸಿಕ್ಕಿತು. ಸೂಪರ್‌ವೈಸರ್ ವಿಚಿತ್ರವಾಗಿ ನೋಡಿದರು, ಆದರೆ ಬೇಡ ಅನ್ನಲಿಲ್ಲ.

ಮಾತ್ರೆ_ಎಣಿಸುವವ:
ಔಷಧಿ ವಿಭಾಗ ಇರುವ ಮಳಿಗೆಯವರಿಗೆ ಒಂದು ಮಾತು. ಎಕ್ಸ್‌ಪೈರಿ ಮಾತ್ರೆಗಳನ್ನು ಟಾಯ್ಲೆಟ್‌ಗೆ ಹಾಕಿ ನೀರು ಬಿಡುವುದು ಇನ್ನೂ ನಡೆಯುತ್ತಿದೆ. ಬೇಡ. ಕೊಳಚೆ ಶುದ್ಧೀಕರಣ ಘಟಕಗಳು ಔಷಧದ ಅಂಶವನ್ನು ಪೂರ್ತಿ ತೆಗೆಯಲು ಆಗೋದಿಲ್ಲ, ಅದು ಹೊಳೆಗೆ ಹೋಗುತ್ತೆ. ಎಲ್ಲ ಔಷಧಿಯೂ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯವಲ್ಲ, ಕೆಲವು ಮಾತ್ರ. ರಕ್ತ ತೆಳುವಾಗಿಸುವ ವಾರ್ಫರಿನ್ ಒಂದು ಉದಾಹರಣೆ, ಇಲಿ ಪಾಷಾಣವಾಗಿಯೂ ಅದೇ ಬಳಕೆಯಲ್ಲಿತ್ತು. ತಲೆಹೊಟ್ಟಿನ ಕೆಲವು ಶಾಂಪೂಗಳಲ್ಲಿ ಸೆಲೆನಿಯಂ ಸಲ್ಫೈಡ್ ಇರುತ್ತೆ, ಶಾಂಪೂ ಸಾಲಿನಲ್ಲಿ ಯಾರೂ ಅದನ್ನು ಹುಡುಕೋದಿಲ್ಲ. ಪಾದರಸದ ಥರ್ಮಾಮೀಟರ್ ಹಳೇ ಸ್ಟಾಕ್‌ನಲ್ಲಿ ಇದ್ದರೆ ಒಡೆಯುವ ಮುಂಚೆ ಬೇರೆ ಮಾಡಿ.

ನಿಕೋಟಿನ್ ವೇಪ್ (ಇ-ಸಿಗರೇಟ್) ಬಗ್ಗೆ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಅದರಲ್ಲಿ ವಿಷವೂ ಇದೆ, ಲಿಥಿಯಂ ಬ್ಯಾಟರಿಯೂ ಇದೆ. ಅಮೆರಿಕದ ನಿಯಮ ವೇಪ್‌ನ ನಿಕೋಟಿನ್ ದ್ರವವನ್ನು ತೀವ್ರ ಅಪಾಯದ ಪಟ್ಟಿಯಲ್ಲಿಟ್ಟಿದೆ. ಅಲ್ಲಿ ಮಾಮೂಲಿ ಅಪಾಯಕಾರಿ ತ್ಯಾಜ್ಯ ತಿಂಗಳಿಗೆ 100 ಕಿಲೋ ತನಕ ಇದ್ದರೆ ಸಣ್ಣ ಉತ್ಪಾದಕ ಅಂತ ರಿಯಾಯಿತಿ ಸಿಗುತ್ತೆ, ಆದರೆ ಈ ಪಟ್ಟಿಯದ್ದಕ್ಕೆ ಮಿತಿ 1 ಕಿಲೋ. ತೂಕದ ಮೇಲೆ ಅಂಗಡಿಯ ವರ್ಗವೇ ಬದಲಾಗುವುದು ಹೀಗೆ.

ಸುಮ್ನೆ_ಓದುಗ:
ಇದೆಲ್ಲ ಓದಿ ಈಗ ಎಲ್ಲದಕ್ಕೂ ಹೆದರಿಕೆ ಆಗುತ್ತಿದೆ. ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ? ಬಿಲ್ಲಿನ ಕಾಗದ? ಖಾಲಿ ಸೋಪಿನ ಬಾಟಲಿ?

ಪಿಪೆಟ್:
ಮೂರೂ ಮಾಮೂಲಿ ಕಸವೇ. ಸಿಲಿಕಾ ಜೆಲ್‌ನ ಬಿಳಿ ಮಣಿಗಳು ಮರಳಿನ ಹತ್ತಿರದ ನೆಂಟ, "ತಿನ್ನಬೇಡಿ" ಅಂತ ಬರೆದಿರುವುದು ಮುಖ್ಯವಾಗಿ ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ. ತೇವ ಹೀರಿದಾಗ ನೀಲಿಯಿಂದ ಗುಲಾಬಿಗೆ ತಿರುಗುವ ಮಣಿಗಳು ಮಾತ್ರ ಬೇರೆ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ. ಹೆದರಿಕೊಂಡು ಎಲ್ಲವನ್ನೂ ಅಪಾಯದ ಟಬ್‌ಗೆ ಹಾಕುವುದೂ ಒಂದು ರೋಗ. ಟಬ್ ತುಂಬಾ ಶಾಂಪೂ, ಬಾಡಿ ಲೋಷನ್ ತುಂಬಿದರೆ ನಿಜವಾದ ಆಮ್ಲ ಅದರ ಕೆಳಗೆ ಕಾಣದೆ ಕೂರುತ್ತೆ, ಹಣವೂ ದಂಡ.

ಗೋಡೌನ್_ಗೂಬೆ:
ಟ್ಯೂಬ್‌ಲೈಟ್, ಸಿಎಫ್‌ಎಲ್ ಬಿಟ್ಟೆವು. ಅದರಲ್ಲಿ ಕೆಲವೇ ಮಿಲಿಗ್ರಾಂ ಪಾದರಸ ಇರುವುದು, ಒಡೆಯದೆ ಇದ್ದರೆ ಏನೂ ಇಲ್ಲ. ಒಡೆದರೆ ಪೊರಕೆ ಬೇಡ, ವ್ಯಾಕ್ಯೂಮ್ ಅಂತೂ ಬೇಡವೇ ಬೇಡ, ಆವಿಯನ್ನು ಅಂಗಡಿ ತುಂಬಾ ಊದುತ್ತೆ. ಗಾಳಿ ಬಿಟ್ಟು ಹತ್ತು ನಿಮಿಷ ಹೊರಗಿರಿ, ಗಟ್ಟಿ ಕಾಗದದಲ್ಲಿ ಬಾಚಿ, ಉಳಿದ ಪುಡಿಯನ್ನು ಟೇಪ್‌ಗೆ ಅಂಟಿಸಿ, ಎಲ್ಲ ಮುಚ್ಚಳದ ಗಾಜಿನ ಜಾರ್‌ಗೆ.

ಫ್ಲೋರ್_ಮ್ಯಾನೇಜರ್:
ಸರಿ, ನಾನು ಸೋತೆ ಅಂತಲೇ ಇಟ್ಟುಕೊಳ್ಳಿ. ಈಗ ಕೆಲಸದ ಮಾತು. ನಮ್ಮ ಹಿಂದಿನ ಕೋಣೆ ಎರಡು ಮಂಚದಷ್ಟಿದೆ. ಎಷ್ಟು ಬಗೆ ಬೇರೆ ಮಾಡಬೇಕು? ಹತ್ತು ಡಬ್ಬಕ್ಕೆ ಜಾಗ ಇಲ್ಲ.

ಪಾಠದ_ಮೇಡಂ:
ಸಣ್ಣ ಟಬ್‌ಗಳು ಸಾಕು ಸರ್, ಎತ್ತರದ ಅಂಚಿನವು. ಉರಿಯುವವು ಒಂದು, ಆಮ್ಲ ಒಂದು, ಬ್ಲೀಚ್ ಮತ್ತು ಕಾಸ್ಟಿಕ್ ಒಂದು, ಪೆರಾಕ್ಸೈಡ್ ಮತ್ತು ಈಜುಕೊಳದ ಕ್ಲೋರಿನ್‌ನಂಥ ಉರಿಸುವ ಜಾತಿ ಒಂದೊಂದಾಗಿ ಬೇರೆ ಬೇರೆ, ಕೀಟನಾಶಕ ಮತ್ತು ಇಲಿ ಪಾಷಾಣ ಒಂದು. ಬ್ಯಾಟರಿ ಹೇಗೂ ಬೇರೆ. ಉರಿಯುವುದನ್ನೂ ಉರಿಸುವುದನ್ನೂ ಕೋಣೆಯ ಎರಡು ತುದಿಗೆ ಇಡಿ, ಆಮ್ಲವನ್ನೂ ಬ್ಲೀಚನ್ನೂ ಹಾಗೆಯೇ. ಸೋರುವ ಬಾಟಲಿಯನ್ನು ಮೊದಲು ಜಿಪ್ ಚೀಲಕ್ಕೆ ಹಾಕಿ, ಆಮೇಲೆ ಟಬ್‌ಗೆ. ಉಬ್ಬುವ ಜಾತಿಯದ್ದಕ್ಕೆ ಮಾತ್ರ ಬಿಗಿ ಚೀಲ ಬೇಡ, ಮಾಪ್_ಬಕೆಟ್ ಹೇಳಿದಂತೆ. ಒಂದು ಬಾಟಲಿಯದ್ದನ್ನು ಇನ್ನೊಂದಕ್ಕೆ ಸುರಿದು "ಜಾಗ ಉಳಿಸುವ" ಆಲೋಚನೆ ಯಾರಿಗೂ ಬರದಂತೆ ನೋಡಿಕೊಳ್ಳಿ. ನೀರು ಬೆರೆಸಿ ತೆಳು ಮಾಡುವುದು, ಮುಚ್ಚಳ ತೆಗೆದಿಟ್ಟು ಆರಲು ಬಿಡುವುದು, ಇವೂ ಬೇಡ.

ಟಬ್ ಮೇಲೆ "ಅಪಾಯಕಾರಿ ತ್ಯಾಜ್ಯ" ಅಂತ, ಒಳಗೆ ಏನಿದೆ ಅಂತ, ಮೊದಲ ಸಾಮಾನು ಬಿದ್ದ ತಾರೀಖು ಬರೆಯಿರಿ. ತಾರೀಖು ಯಾಕೆಂದರೆ ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ಕಾನೂನಿಗೆ ಮಿತಿ ಇರುತ್ತೆ, ಪರವಾನಗಿ ಇರುವ ಸಾಗಣೆದಾರರೂ ಮೊದಲು ಅದನ್ನೇ ಕೇಳುತ್ತಾರೆ. ನಿಮ್ಮ ದೇಶದ ಮಿತಿ ಎಷ್ಟು ಅಂತ ಕೇಳಿಟ್ಟುಕೊಳ್ಳಿ.

ಮಾಪ್_ಬಕೆಟ್:
ಇಲಿ ಪಾಷಾಣದ ಟಬ್ ಒಣಗಿರಲಿ. ಜಿಂಕ್ ಫಾಸ್ಫೈಡ್ ಇರುವ ಪುಡಿಗೆ ತೇವ ತಾಗಿದರೆ ಫಾಸ್ಫಿನ್ ಅನ್ನುವ ವಿಷಾನಿಲ ಬರುತ್ತೆ, ಆಮ್ಲ ತಾಗಿದರೆ ಇನ್ನೂ ಬೇಗ. ಸಿಂಕ್ ಪಕ್ಕದಲ್ಲಿ ಇಡಬೇಡಿ ಅಂತ ಇದರ ಅರ್ಥ.

ರಿಟರ್ನ್_ಕೌಂಟರ್:
ಈಜುಕೊಳದ ಕ್ಲೋರಿನ್ ಅಂದಿರಿ. ಅದರ ಚೀಲ ಒಡೆದು ಹರಳು ನೆಲಕ್ಕೆ ಚೆಲ್ಲಿದರೆ? ನಮ್ಮಲ್ಲಿ ಏನು ಚೆಲ್ಲಿದರೂ ಮರದ ಹೊಟ್ಟು ಸುರಿದು ಗುಡಿಸೋದು.

ಗೋಡೌನ್_ಗೂಬೆ:
ಅಯ್ಯೋ, ಅದಕ್ಕೆ ಮರದ ಹೊಟ್ಟು ಹಾಕಿದರೆ ಒಲೆಗೆ ಸೌದೆ ಒಟ್ಟಿದಂತೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳಿಗೆ ಎಣ್ಣೆ, ಧೂಳು, ಮರ, ಕಾಗದ, ಏನೇ ಸುಡುವ ವಸ್ತು ಸೇರಿದರೂ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಮಾಮೂಲಿ ಪೊರಕೆಯೂ ಬೇಡ, ಅದರಲ್ಲಿ ನೆಲದ ಎಲ್ಲ ಕೊಳೆ ಇರುತ್ತೆ. ಶುಚಿಯಾದ, ಒಣಗಿದ ಪ್ಲಾಸ್ಟಿಕ್ ಮೊರ, ಶುಚಿಯಾದ ಒಣ ಬಕೆಟ್. ಬಾಚಿದ್ದನ್ನು ಮೂಲ ಚೀಲಕ್ಕೆ ವಾಪಸ್ ಹಾಕಬೇಡಿ, ಹೊರಗೆ ಗಾಳಿ ಆಡುವಲ್ಲಿ ಇಡಿ, ಮುಚ್ಚಳ ಬಿಗಿಯಬೇಡಿ. ಮುಖ್ಯವಾಗಿ, ಈಜುಕೊಳದ ಕ್ಲೋರಿನ್‌ನಲ್ಲಿ ಇನ್ನೊಂದು ಜಾತಿ ಇದೆ, ಟ್ರೈಕ್ಲೋರ್ ಬಿಲ್ಲೆಗಳು. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಒಂದೇ ಬಕೆಟ್‌ಗೆ ಹಾಕಿದರೆ ಬೆಂಕಿಯೋ ಸ್ಫೋಟವೋ ಆಗಬಹುದು.

ಪೇಂಟ್, ಥಿನ್ನರ್, ಎಣ್ಣೆಗೆ ಬೇಕಾದರೆ ಒಣ ಮರಳು ಅಥವಾ ಜೇಡಿಮಣ್ಣಿನ ಹರಳು ಬಳಸಿ. ಹೀರಿಕೊಂಡ ಮರಳೂ ಅದೇ ಬಗೆಯ ತ್ಯಾಜ್ಯ, ಒರೆಸಿದ ಬಟ್ಟೆಯೂ ಅಷ್ಟೇ. ಅಗಸೆ ಎಣ್ಣೆ ಇರುವ ಮರದ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಶಾಖ ಹುಟ್ಟಿ ತಾನಾಗೇ ಬೆಂಕಿ ಹಿಡಿಯುತ್ತೆ, ಅದೂ ಅಂಗಡಿ ಮುಚ್ಚಿ ಎಲ್ಲರೂ ಹೋದ ಮೇಲೆ. ನೀರಿರುವ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ.

ಸುಮ್ನೆ_ಓದುಗ:
ಕೊನೆಗೊಂದು. ಸ್ಪ್ರೇ ಡಬ್ಬಿಯ ನಾಜಲ್ ಮುರಿದಿದೆ, ಒತ್ತಿದರೆ ಏನೂ ಬರೋದಿಲ್ಲ. ಅದನ್ನು ಖಾಲಿ ಅಂತ ಲೆಕ್ಕ ಹಾಕಬಹುದಾ?

ಪಿಪೆಟ್:
ಇಲ್ಲ. ಬರೋದಿಲ್ಲ ಅಂದರೆ ದಾರಿ ಮುಚ್ಚಿದೆ ಅಷ್ಟೇ, ಒಳಗೆ ದ್ರವವೂ ಇದೆ, ಪ್ರೊಪೇನ್ ಬ್ಯುಟೇನ್‌ನಂಥ ತಳ್ಳುವ ಅನಿಲವೂ ಇದೆ. ಡಬ್ಬಿಯಲ್ಲಿ ಇರುವುದು ಬರೀ ರೂಮ್ ಫ್ರೆಶ್‌ನರ್ ಆದರೂ ಆ ಅನಿಲ ಉರಿಯುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಕುಲುಕು ಸದ್ದು ಬಂದರೆ ಒಳಗೆ ಇನ್ನೂ ಇದೆ. ಪೇಂಟ್ ಸ್ಪ್ರೇಯಲ್ಲಿ ಕಲಸಲು ಒಂದು ಗೋಲಿ ಇರುತ್ತೆ, ಆ ಟಕಟಕ ಸದ್ದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಅದೇ ಬಗೆಯ ಇನ್ನೊಂದು ಡಬ್ಬಿಯ ನಾಜಲ್ ಹಾಕಿ ನೋಡೋಣ ಅನ್ನುವ ಪ್ರಯೋಗ ಕೌಂಟರ್‌ನಲ್ಲಿ ಬೇಡ. ಉರಿಯುವ ಟಬ್‌ಗೆ, ನೆಟ್ಟಗೆ ನಿಲ್ಲಿಸಿ, ಮುಚ್ಚಳ ಇದ್ದರೆ ಹಾಕಿ. ಮುಚ್ಚಳ ಕಳೆದುಹೋಗಿದ್ದರೆ ಒಂದರ ನಾಜಲ್ ಇನ್ನೊಂದಕ್ಕೆ ಒತ್ತದಂತೆ ನಡುವೆ ರಟ್ಟಿನ ತುಂಡು ನಿಲ್ಲಿಸಿ.

ರಿಟರ್ನ್_ಕೌಂಟರ್:
ಐದು ಟಬ್ ಸಿಕ್ಕಿವೆ. ಆರನೆಯದಕ್ಕೆ ಫ್ಲೋರ್_ಮ್ಯಾನೇಜರ್ ಸರ್ ಥರದ ನಮ್ಮ ಮ್ಯಾನೇಜರ್ ಹತ್ತಿರ ಹೋಗಬೇಕು. ಈ ಚರ್ಚೆಯನ್ನೇ ಪ್ರಿಂಟ್ ತೆಗೆದು ಒಯ್ಯುತ್ತೇನೆ.

ಫ್ಲೋರ್_ಮ್ಯಾನೇಜರ್:
ನನ್ನ ಮೊದಲ ಪೋಸ್ಟ್ ಕತ್ತರಿಸಿ ಪ್ರಿಂಟ್ ತೆಗೆಯಿರಿ ಮಾರಾಯರೆ.